ರಜೆಯ ವಾರದ ಮರುಮಾರಾಟವೂ ಅದರ ಋತುಮಾನವೂ

(ಸದರ್‌ನ ನಮ್ಮ ಉಚಿತ ವಾಚನಾಲಯದಲ್ಲಿ ರವಿವಾರ ಮಾಡಿದ ಭಾಷಣ)



ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನರಾದ ನಮಗೆ ವ್ಯಾಪಾರದ ಮೇಲೆ ಭಾಷಣ ಮಾಡುವ ಅಧಿಕಾರವೇನೂ ಇಲ್ಲ. ಆದರೆ ಈಚೆಗೆ ವಾಚನಾಲಯಕ್ಕೆ ಬರುವವರಲ್ಲಿ ಐದಾರು ಮಂದಿ ಒಂದೇ ಬಗೆಯ ಕಾಗದಗಳನ್ನು ತಂದು, “ಇದನ್ನಿಷ್ಟು ಓದಿ ಹೇಳಿರಿ” ಎಂದು ಕೇಳಿದ್ದಾರೆ. ಕೆಲವರಿಗೆ ಯಾರೋ ತಮ್ಮ ಟೈಮ್‌ಶೇರ್ ಸದಸ್ಯತ್ವವನ್ನು ಅರ್ಧ ಬೆಲೆಗೆ ಕೊಡಲು ಮುಂದೆ ಬಂದಿದ್ದಾರೆ. ಇನ್ನು ಕೆಲವರು ಹಿಂದೆ ತಾವೇ ಕೊಂಡದ್ದನ್ನು ಮಾರಲು ಹೊರಟಿದ್ದಾರೆ. ಇಬ್ಬರ ಪ್ರಶ್ನೆಯೂ ಒಂದೇ: ಇದರ ನ್ಯಾಯವಾದ ಬೆಲೆ ಎಷ್ಟು? ಕಾಗದಗಳನ್ನು ಓದಿ, ಲೆಕ್ಕ ಹಾಕಿ ನಮಗೆ ತಿಳಿದುಬಂದುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಟೈಮ್‌ಶೇರ್ ಎಂದರೇನು ಎಂಬುದನ್ನು ಮೊದಲು ನೋಡೋಣ. ಬೆಟ್ಟದ ಮೇಲೋ ಸಮುದ್ರದ ದಂಡೆಯಲ್ಲೋ ಒಂದು ವಿಶ್ರಾಂತಿಧಾಮ ಇರುತ್ತದೆ. ಅಲ್ಲಿ ವರ್ಷಕ್ಕೆ ಒಂದು ವಾರ ತಂಗುವ ಹಕ್ಕನ್ನು ಹಲವು ವರ್ಷಗಳ ಮಟ್ಟಿಗೆ ಮುಂಗಡ ಹಣ ಕೊಟ್ಟು ಪಡೆಯುವುದೇ ಟೈಮ್‌ಶೇರ್. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ನಡೆಯುವ ಯೋಜನೆಗಳಲ್ಲಿ ಕೋಣೆ ನಮ್ಮದಾಗುವುದಿಲ್ಲ. ತಂಗುವ ಸರದಿ ಮಾತ್ರ ನಮ್ಮದು. ಹಳ್ಳಿಯಲ್ಲಿ ಪಾಲಿನ ಬಾವಿಯ ನೀರನ್ನು ಸರದಿಯ ಮೇಲೆ ಹೊಲಕ್ಕೆ ಹಾಯಿಸಿಕೊಂಡವರಿಗೆ ಇದು ಹೊಸದಲ್ಲ. ಬಾವಿ ಹತ್ತು ಮಂದಿಯದು, ಸೋಮವಾರದ ನೀರು ಒಬ್ಬನದು. ಆದರೆ ಬೇಸಿಗೆಯ ಸರದಿಗೂ ಮಳೆಗಾಲದ ಸರದಿಗೂ ಯಾವ ಒಕ್ಕಲಿಗನೂ ಒಂದೇ ಬೆಲೆ ಕಟ್ಟುವುದಿಲ್ಲ. ಇಂದಿನ ನಮ್ಮ ಮಾತಿನ ತಿರುಳೆಲ್ಲ ಇದರಲ್ಲೇ ಇದೆ.

ಈ ವ್ಯವಹಾರ ಯುರೋಪಿನಲ್ಲಿ ಹುಟ್ಟಿತು. ಸ್ವಿಟ್ಜರ್ಲೆಂಡಿನ ಹಪಿಮಾಗ್ ಸಂಸ್ಥೆ 1963ರಲ್ಲಿ ಸ್ಥಾಪಿತವಾಯಿತು. ಒಂದು ಊರಿನ ವಾರವನ್ನು ಇನ್ನೊಂದು ಊರಿನ ವಾರಕ್ಕೆ ಬದಲಿಸಿಕೊಡುವ ಆರ್.ಸಿ.ಐ. ಎಂಬ ಸಂಸ್ಥೆ ಅಮೆರಿಕದಲ್ಲಿ 1974ರಲ್ಲಿ ಆರಂಭವಾಯಿತು. ನಮ್ಮಲ್ಲಿ 1986ರಲ್ಲಿ ಸ್ಟರ್ಲಿಂಗ್ ಸಂಸ್ಥೆಯೂ 1996ರಲ್ಲಿ ಮಹೀಂದ್ರ ಹಾಲಿಡೇಸ್ ಸಂಸ್ಥೆಯೂ ಹುಟ್ಟಿದವು. ಎರಡನೆಯದರ ಕ್ಲಬ್ ಮಹೀಂದ್ರ ಹೆಸರಿನ, ವರ್ಷಕ್ಕೊಂದು ವಾರದಂತೆ 25 ವರ್ಷಗಳ ಸದಸ್ಯತ್ವ ಎಲ್ಲರಿಗೂ ಪರಿಚಿತವಾದುದು; ನಮ್ಮ ಕೊಡಗಿನ ಮಡಿಕೇರಿಯಲ್ಲಿಯೂ ಅದರ ಧಾಮವಿದೆ. ಇಂಥ ಯೋಜನೆಗಳಲ್ಲಿ ಖರ್ಚು ಎರಡು ಬಗೆ. ಮೊದಲು ಒಮ್ಮೆ ಕೊಡುವ ದೊಡ್ಡ ಮೊತ್ತ ಒಂದು. ನಾವು ಹೋಗಲಿ ಬಿಡಲಿ, ವರ್ಷವರ್ಷವೂ ಕಟ್ಟಬೇಕಾದ ನಿರ್ವಹಣಾ ಶುಲ್ಕ ಇನ್ನೊಂದು. ಕೊಳ್ಳುವವರ ಕಣ್ಣೆಲ್ಲ ಮೊದಲನೆಯದರ ಮೇಲೆ. ಮನೆಯ ಲೆಕ್ಕವನ್ನು ಕೆಡಿಸುವುದು ಎರಡನೆಯದು.

ಇನ್ನು ಋತುಮಾನದ ವಿಷಯ. ವರ್ಷದ ವಾರಗಳನ್ನು ಸಂಸ್ಥೆಗಳು ಬಣ್ಣಗಳ ಹೆಸರಿನಲ್ಲಿ ವಿಂಗಡಿಸುತ್ತವೆ. ಕ್ಲಬ್ ಮಹೀಂದ್ರದ ಪದ್ಧತಿಯಲ್ಲಿ ನೇರಳೆ, ಕೆಂಪು, ಬಿಳಿ, ನೀಲಿ ಎಂದು ನಾಲ್ಕು ಬಣ್ಣಗಳಿವೆ. ನೇರಳೆಯದು ಅತಿ ಗಿರಾಕಿಯ ಕಾಲ, ನೀಲಿಯದು ಜನವಿಲ್ಲದ ಕಾಲ. ಮೇಲಿನ ಬಣ್ಣದವರು ಕೆಳಗಿನ ಕಾಲದಲ್ಲಿ ಹೋಗಬಹುದು. ಕೆಳಗಿನ ಬಣ್ಣದವರಿಗೆ ಮೇಲಿನ ಕಾಲದ ಬಾಗಿಲು ತೆರೆಯದು ಎಂಬುದು ಸಾಮಾನ್ಯ ನಿಯಮ. ಒಂದೇ ತಿಂಗಳು ಎಲ್ಲ ಊರಿಗೂ ಒಂದೇ ಬಣ್ಣವಾಗಿರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ನಾಗಪುರದ ಬಿಸಿಲು 45 ಡಿಗ್ರಿ ಮುಟ್ಟುವ ಮೇ ತಿಂಗಳಿನಲ್ಲಿ ಪಚ್ಮಡಿಗೆ ನೂಕುನುಗ್ಗಲು. ಅಮರಾವತಿ ಜಿಲ್ಲೆಯ ಚಿಖಲ್ದರಾಕ್ಕೆ ಮಳೆ ಬಿದ್ದು ಹಸಿರಾದ ಮೇಲೆ ಜನ ಹೋಗುತ್ತಾರೆ. ಗೋವೆಗೆ ಡಿಸೆಂಬರ್ ಕೊನೆಯೇ ಸುಗ್ಗಿ. ತಾಡೋಬಾ ಅರಣ್ಯದ ಒಳಭಾಗ ಮಳೆಗಾಲದಲ್ಲಿ ಪ್ರವಾಸಿಗರಿಗೆ ಮುಚ್ಚಿರುತ್ತದೆ; ಆಗ ಅದರ ಸುತ್ತಲಿನ ವಸತಿಗೃಹಗಳಿಗೆ ಗಿರಾಕಿ ಎಲ್ಲಿಂದ ಬರಬೇಕು? ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಲವಾದ ಮಳೆ. 2018ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡಗಳು ಕುಸಿದು ರಸ್ತೆಗಳೇ ಕೊಚ್ಚಿಹೋದುದನ್ನು ಪತ್ರಿಕೆಯಲ್ಲಿ ನಾವೆಲ್ಲ ಓದಿದ್ದೇವೆ. ಮಳೆಗಾಲದ ವಾರ ಅಗ್ಗವಾಗುವುದಕ್ಕೆ ಹೀಗೆ ಕಾರಣಗಳಿವೆ.

ಮರುಮಾರಾಟದ ಪೇಟೆ ಈ ಬಣ್ಣಗಳ ಮೇಲೆಯೇ ನಡೆಯುತ್ತದೆ. ಹತ್ತಿಗೋ ಬಂಗಾರಕ್ಕೋ ಇರುವಂತೆ ದಿನದ ಧಾರಣೆ ಇದಕ್ಕಿಲ್ಲ. ಮಾರುವವರು ಜಾಹೀರಾತು ಕೊಡುತ್ತಾರೆ, ಕೊಳ್ಳುವವರು ಚೌಕಾಶಿ ಮಾಡುತ್ತಾರೆ. ಹೀಗಿದ್ದರೂ ವರ್ಷದೊಳಗೆ ಒಂದು ಏರಿಳಿತ ಸಹಜವಾಗಿಯೇ ಇರುತ್ತದೆ. ಶಾಲೆಯ ಬೇಸಿಗೆ ಸೂಟಿಗೆ ಕೋಣೆ ಬೇಕಾದವರು ಹೊಸ ವರ್ಷ ಹುಟ್ಟಿದ ಕೂಡಲೇ ವಿಚಾರಿಸತೊಡಗುತ್ತಾರೆ. ಆಗ ಮಾರುವವನ ಕೈ ಮೇಲು. ಸೂಟಿ ಮುಗಿದು ಮಳೆ ಹಿಡಿದ ಮೇಲೆ ಕೇಳುವವರು ಕಡಿಮೆ. ಆಗ ಕೊಳ್ಳುವವನ ಕೈ ಮೇಲು. ವಾರ್ಷಿಕ ಶುಲ್ಕದ ಬಿಲ್ಲು ಬರುವ ಹೊತ್ತು ಇನ್ನೊಂದು ಸಂದರ್ಭ. ಅಮೆರಿಕದಲ್ಲಿ ಮುಂದಿನ ವರ್ಷದ ಬಿಲ್ಲು ಹೆಚ್ಚಾಗಿ ವರ್ಷದ ಕೊನೆಗೆ ಬರುತ್ತದೆ. ಅದನ್ನು ಕಂಡು, ಇನ್ನು ಸಾಕು, ಮಾರಿಬಿಡೋಣ ಎನ್ನುವವರು ಆಗ ಹೆಚ್ಚುತ್ತಾರೆ. ಈ ವರ್ಷದ ಶುಲ್ಕ ಕಟ್ಟಿ, ವಾರವನ್ನು ಬಳಸದೆ ಉಳಿಸಿದ್ದರೆ ಮಾರುವವನು ಸ್ವಲ್ಪ ಹೆಚ್ಚು ಕೇಳಬಹುದು. ಶುಲ್ಕ ಬಾಕಿ ಇದ್ದರೆ ಕೊಳ್ಳುವವನು ಅದನ್ನು ಬೆಲೆಯಲ್ಲಿ ಮುರಿದುಕೊಳ್ಳತಕ್ಕದ್ದು. ಆದರೆ ತಿಂಗಳಿಂದ ತಿಂಗಳಿಗೆ ಆಗುವ ಏರಿಳಿತಕ್ಕಿಂತ ಬಣ್ಣದಿಂದ ಬಣ್ಣಕ್ಕೆ ಇರುವ ಅಂತರ ಬಹಳ ದೊಡ್ಡದು.

ಅದು ಹೇಗೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾವು ಇಟ್ಟುಕೊಂಡವು. ತಮ್ಮ ಕಾಗದದಲ್ಲಿರುವ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು. 25 ವರ್ಷಗಳಲ್ಲಿ 10 ಮುಗಿದು 15 ಉಳಿದಿವೆ ಎನ್ನೋಣ. ವಾರ್ಷಿಕ ಶುಲ್ಕ 18,000 ರೂಪಾಯಿ; ಹೆಸರು ವರ್ಗಾವಣೆಗೆ 20,000. ಅಂಥದೇ ಕೋಣೆಗೆ ಸೂಟಿಯ ಕಾಲದಲ್ಲಿ ದಿನಕ್ಕೆ 4,000, ಮಳೆಗಾಲದಲ್ಲಿ 2,000 ಬಾಡಿಗೆ.

ಸೂಟಿಯ ಕಾಲದ ವಾರವಾದರೆ ಏಳು ರಾತ್ರಿಯ ಬಾಡಿಗೆ 28,000. ಶುಲ್ಕ ಕಳೆದರೆ ವರ್ಷಕ್ಕೆ 10,000 ಉಳಿತಾಯ; 15 ವರ್ಷಕ್ಕೆ 1,50,000. ಅದರಲ್ಲಿ ವರ್ಗಾವಣೆ ಖರ್ಚು ಕಳೆದರೆ 1,30,000. ಒಂದು ವರ್ಷವೂ ತಪ್ಪದೆ ಹೋಗುವ ಮನುಷ್ಯ ಇದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವೇ. ಶುಲ್ಕ ವರ್ಷವರ್ಷಕ್ಕೆ ಏರಬಹುದು, ಬಾಡಿಗೆಯೂ ಏರಬಹುದು. ಅವನ್ನು ಈ ಲೆಕ್ಕದಲ್ಲಿ ಸರಿಸಮ ಎಂದು ಬಿಟ್ಟಿದ್ದೇವೆ.

ಮಳೆಗಾಲದ ವಾರವಾದರೆ ಏಳು ರಾತ್ರಿಯ ಬಾಡಿಗೆ ಬರೀ 14,000. ಶುಲ್ಕ ಮಾತ್ರ ಅದೇ 18,000. ಏಕೆಂದರೆ ಅದನ್ನು ಸಾಮಾನ್ಯವಾಗಿ ಕೋಣೆಯ ಅಳತೆ ನೋಡಿ ಹಾಕುತ್ತಾರೆಯೇ ಹೊರತು ಮಳೆ ಬಿಸಿಲು ನೋಡಿ ಅಲ್ಲ. ಅಂದರೆ ವರ್ಷಕ್ಕೆ 4,000 ರೂಪಾಯಿ ಕೈಯಿಂದ ಹೋಗುತ್ತದೆ. ಇಂಥದನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನಬೇಕು. ನೀಲಿ ವಾರವನ್ನು ಅರ್ಧ ಬೆಲೆಗೆ, ಕಾಲು ಬೆಲೆಗೆ ಕೊಡುವೆನೆಂದು ಯಾರಾದರೂ ಬಂದಾಗ ಈ ಲೆಕ್ಕವನ್ನು ಮರೆಯಬಾರದು.

ಬಂಧುಗಳೇ, ಪೇಟೆಯ ಋತುಮಾನವನ್ನು ಹೇಳಿದ್ದಾಯಿತು. ನಮ್ಮ ಋತುಮಾನವೊಂದಿದೆ; ಅದನ್ನು ಯಾವ ದಲ್ಲಾಳಿಯೂ ಕೇಳುವುದಿಲ್ಲ. ಊರು ಬಿಟ್ಟು ನಾಗಪುರಕ್ಕೆ ಬಂದು ದುಡಿಯುವ ನಮಗೆ ವರ್ಷದಲ್ಲಿ ಸಿಗುವ ದೊಡ್ಡ ರಜೆ ಒಂದೇ. ಅದು ಎಲ್ಲಿಗೆ ಸಲ್ಲುತ್ತದೆ? ಊರ ಜಾತ್ರೆಗೆ, ತಂಗಿಯ ಲಗ್ನಕ್ಕೆ, ತಂದೆತಾಯಿಗಳ ಔಷಧೋಪಚಾರಕ್ಕೆ. ಲಗ್ನದ ಮುಹೂರ್ತಗಳು ಬರುವುದು, ಮಕ್ಕಳಿಗೆ ಸೂಟಿ ಇರುವುದು, ಧಾಮದ ನೇರಳೆ ವಾರಗಳಿರುವುದು ಬಹುಮಟ್ಟಿಗೆ ಅದೇ ಏಪ್ರಿಲ್ ಮೇ ತಿಂಗಳುಗಳಲ್ಲಿ. ಸೂಟಿಯ ಕಾಲದ ಕೋಣೆಗಳನ್ನು ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು. ಗಿರಣಿಯಲ್ಲಿ ನಮ್ಮ ರಜೆ ಮಂಜೂರಾಗುವುದು ಹದಿನೈದು ದಿನ ಮುಂಚೆ. ರೈಲಿನ ಸೀಟು ಕಾದಿರಿಸುವುದಕ್ಕೂ 2024ರ ನವೆಂಬರ್‌ನಿಂದ 60 ದಿನಗಳ ಮಿತಿ ಬಂದಿದೆ.

ಆದುದರಿಂದ ಮೇಲಿನ ಲೆಕ್ಕವನ್ನೇ ನಮ್ಮ ಜೀವನಕ್ಕೆ ಹೊಂದಿಸಿ ನೋಡೋಣ. ಒಂದು ವರ್ಷ ಊರಿಗೆ, ಒಂದು ವರ್ಷ ಧಾಮಕ್ಕೆ ಎಂದರೆ 15 ವರ್ಷಗಳಲ್ಲಿ ಎಂಟು ಸಲ ಹೋದಂತಾಯಿತು. ಎಂಟು ವಾರಗಳ ಬಾಡಿಗೆ 2,24,000. ಹದಿನೈದು ವರ್ಷದ ಶುಲ್ಕ 2,70,000. ಕೊಂಡ ಬೆಲೆಯನ್ನು ಸೇರಿಸುವ ಮೊದಲೇ 46,000 ನಷ್ಟ! ಅದೂ ಅತ್ಯುತ್ತಮ ಬಣ್ಣದ ವಾರದಲ್ಲಿ. ಬಳಸದ ವಾರವನ್ನು ಮುಂದಿನ ವರ್ಷಕ್ಕೆ ಕೂಡಿಡುವ ಸವಲತ್ತು ಕೆಲವು ಯೋಜನೆಗಳಲ್ಲಿ ಇದೆ. ಆದರೆ ಕೂಡಿಟ್ಟ ಎರಡು ವಾರಕ್ಕೆ ಎರಡು ವಾರದ ರಜೆಯೂ ಬೇಕಲ್ಲವೆ? ವರ್ಷವರ್ಷವೂ ಬೇಕಾದ ಕಾಲಕ್ಕೆ ರಜೆ ದೊರೆಯುವವರಿಗೆ ಈ ವ್ಯವಹಾರ ಒಪ್ಪಬಹುದು. ಅಂಥವರು ಸುಖವಾಗಿ ಕೊಳ್ಳಲಿ. ನಾವು ಟೈಮ್‌ಶೇರಿನ ವೈರಿಗಳಲ್ಲ. ರಜೆಯ ಒಡೆಯರು ತಾವಲ್ಲದವರು ವಾರದ ಒಡೆಯರಾಗಿ ಫಲವಿಲ್ಲ, ಇಷ್ಟೇ ನಮ್ಮ ಅಭಿಪ್ರಾಯ.

ಈಗಾಗಲೇ ಕೊಂಡು ಮಾರಲು ಹೊರಟವರಿಗೆ ಎರಡು ಮಾತು. ವಾಚನಾಲಯದ ಒಬ್ಬ ಹಿರಿಯರಿಗೆ ದೂರವಾಣಿಯಲ್ಲಿ ಕರೆ ಬಂದಿತ್ತು. “ತಮ್ಮಾ, ಗಿರಾಕಿ ಸಿಕ್ಕಾನಂತ. ಹನ್ನೆರಡು ಸಾವಿರ ತುಂಬಿದರ ಮೂರು ಲಕ್ಷ ಬರತಾವಂತ” ಎಂದು ಹಿಗ್ಗಿನಿಂದ ಹೇಳಿದರು. “ಕಾಕಾ, ಆ ಹನ್ನೆರಡು ಸಾವಿರವನ್ನು ಗಿರಾಕಿ ಕೊಡುವ ಹಣದಲ್ಲೇ ಮುರಿದುಕೊಳ್ಳಿರಿ ಎಂದು ಹೇಳಿ ನೋಡಿರಿ” ಎಂದೆವು. ಅವರು ಹಾಗೆಯೇ ಹೇಳಿದರು. ಆಚೆಯವರು ಮಾತು ಮುಗಿಯುವುದರೊಳಗೆ ಕರೆ ಕತ್ತರಿಸಿದರು, ಮತ್ತೆ ಬರಲಿಲ್ಲ. ಈ ಮೋಸ ನಮ್ಮಲ್ಲಿ ಮಾತ್ರ ಇರುವುದಲ್ಲ. 2019ರಿಂದ 2023ರವರೆಗೆ ಮೆಕ್ಸಿಕೋದಲ್ಲಿ ವಾರಗಳನ್ನು ಕೊಂಡಿದ್ದ ಅಮೆರಿಕದ ಸುಮಾರು 6,000 ಮಂದಿ ಇಂಥ ವಂಚನೆಗಳಲ್ಲಿ 30 ಕೋಟಿ ಡಾಲರಿನಷ್ಟು ಕಳೆದುಕೊಂಡುದಾಗಿ ಅಲ್ಲಿನ ಸರ್ಕಾರವೇ ತಿಳಿಸಿದೆ. ಯುರೋಪಿನ ಒಕ್ಕೂಟದ 2008ರ ನಿಯಮದಲ್ಲಿ, ಮಾರಾಟ ನಿಜವಾಗಿ ಆಗುವ ತನಕ ಮರುಮಾರಾಟದ ದಲ್ಲಾಳಿ ಹಣ ಪಡೆಯುವುದನ್ನೇ ನಿಷೇಧಿಸಿದ್ದಾರೆ. ನಮ್ಮಲ್ಲಿ ಟೈಮ್‌ಶೇರಿಗೆಂದೇ ಅಂಥ ಪ್ರತ್ಯೇಕ ಕಾಯಿದೆ ಇಲ್ಲ. ಆ ನಿಯಮವನ್ನು ನಮಗೆ ನಾವೇ ಹಾಕಿಕೊಳ್ಳಬೇಕು.

“ಕೋಣೆ ಬಳಸದಿದ್ದರೆ ಬಡ್ಡಿಯಂತೆ ಹಣ ವಾಪಸು” ಎಂಬ ಮಾತು ಕೇಳಿದರೆ ಇನ್ನೂ ಎಚ್ಚರ ಬೇಕು. ಮುಂಬಯಿಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಸಂಸ್ಥೆ ರಜೆಯ ರಾತ್ರಿಗಳ ಹೆಸರಿನಲ್ಲಿ 51 ಲಕ್ಷಕ್ಕೂ ಹೆಚ್ಚು ಜನರಿಂದ ಸುಮಾರು 7,035 ಕೋಟಿ ರೂಪಾಯಿ ಎತ್ತಿತ್ತು. ಅದನ್ನು ಹಿಂದಿರುಗಿಸಬೇಕೆಂದು ಸೆಬಿ 2016ರಲ್ಲಿ ಆಜ್ಞೆ ಮಾಡಿತು. ರಜೆ ಬೇಕಾದವನು ರಜೆಯನ್ನು ಕೊಳ್ಳಲಿ. ಉಳಿತಾಯ ಬೇಕಾದವನು ಅಂಚೆ ಕಚೇರಿಗೆ ಹೋಗಲಿ.

ಕೊನೆಯದಾಗಿ, ಸಹಿ ಹಾಕುವ ಮೊದಲು ಸಂಸ್ಥೆಯಿಂದಲೇ ಬರಹದಲ್ಲಿ ಕೇಳಿ ತಿಳಿಯತಕ್ಕ ಸಂಗತಿಗಳಿವೆ: ಬಣ್ಣ ಯಾವುದು, ಉಳಿದ ವರ್ಷಗಳೆಷ್ಟು, ಶುಲ್ಕದ ಬಾಕಿ ಇದೆಯೆ, ವರ್ಗಾವಣೆಗೆ ಒಪ್ಪಿಗೆ ಉಂಟೆ, ಮೊದಲ ಸದಸ್ಯನಿಗಿದ್ದ ಸವಲತ್ತುಗಳೆಲ್ಲ ಎರಡನೆಯವನಿಗೂ ಬರುತ್ತವೆಯೆ. ಅನ್ಯಾಯವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿ ಇದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ಕಾಗದ ಓದಲು ಬಾರದೆ ಸಹಿ ಹಾಕಿದೆ ಎಂದು ನಮ್ಮ ಕನ್ನಡಿಗನೊಬ್ಬನು ಹೇಳುವಂತಾಗಬಾರದು. ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಇರುವ ಕರಾರುಪತ್ರವನ್ನು ವಾಚನಾಲಯಕ್ಕೆ ತಂದರೆ ಕೂಡಿ ಕುಳಿತು ಓದೋಣ. ಸಹಿಗೆ ಮೊದಲು ತಂದರೆ ಉಪಯೋಗ ಹೆಚ್ಚು.