ಕುಡುಗೋಲಿನ ಹದ, ಕುಲುಮೆಯ ಬೆಂಕಿ



ರಾಗಿ ತೆನೆ ಬಲಿತು ಹೊಲ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಮನೆಯಲ್ಲಿ ಒಂದು ಹುಡುಕಾಟ ಶುರುವಾಗುತ್ತೆ. ಹೋದ ವರ್ಷ ಸೂರಿನಲ್ಲಿ ಸಿಕ್ಕಿಸಿಟ್ಟ ಕುಡುಗೋಲು ಎಲ್ಲಿ? ಸಿಕ್ಕರೆ ತುಕ್ಕು ಹಿಡಿದಿರುತ್ತೆ, ಇಲ್ಲವೇ ಹಿಡಿ ಅಲ್ಲಾಡುತ್ತಿರುತ್ತೆ. ಆಗ ಅವಸರದಲ್ಲಿ ಪೇಟೆಗೆ ಓಡಿ ಹೊಳೆಯೋದೊಂದನ್ನು ತರುತ್ತೇವೆ. ನಾಲ್ಕು ಸಾಲು ಕೊಯ್ಯುವಷ್ಟರಲ್ಲಿ ಅದರ ಬಾಯಿ ಮಡಚಿಕೊಳ್ಳುತ್ತೆ. ಹೀಗೇಕಾಗುತ್ತೆ? ಒಳ್ಳೆಯ ಕತ್ತಿ, ಕುಡುಗೋಲು, ಮಚ್ಚು ಕುಲುಮೆಯಲ್ಲಿ ಹೇಗೆ ಹುಟ್ಟುತ್ತವೆ? ಅವನ್ನು ನಾವು ಹೇಗೆ ಕಾಪಾಡಿಕೊಳ್ಳಬೇಕು? ಇದೇ ಈ ಹೊತ್ತಿನ ಮಾತು.

ಮೊದಲು ಒಂದು ಮಾತು ನೆನಪಿಡಿ. ಬಾಯಿ ಬಾಗಿದರೆ ಹದ ಸಾಲದು. ಬಾಯಿ ಮುಕ್ಕಾದರೆ ಹದ ಹೆಚ್ಚಾಯಿತು. ಕತ್ತಿಯ ಆಯುಸ್ಸು ಅದರ ತೂಕದಲ್ಲಿಲ್ಲ, ಹೊಳಪಿನಲ್ಲೂ ಇಲ್ಲ, ಹದದಲ್ಲಿದೆ. ಮುಕ್ಕಾಗುವ ಮಚ್ಚು ಬರೀ ನಷ್ಟವಲ್ಲ, ಅಪಾಯ ಕೂಡ. ತೆಂಗಿನಕಾಯಿ ಕೊಚ್ಚುವಾಗ ಸಿಡಿದ ಚೂರು ಕಣ್ಣಿಗೆ ಬಿದ್ದರೆ ಗತಿಯೇನು?

ಹದ ಹಿಡಿಯಬೇಕಾದರೆ ಲೋಹದಲ್ಲಿ ಇಂಗಾಲವಿರಬೇಕು. ಕಟ್ಟಡಕ್ಕೆ ಬಳಸುವ ಮೆತು ಕಬ್ಬಿಣದಲ್ಲಿ ನೂರು ಪಾಲಿಗೆ ಇಂಗಾಲ ಸಾಮಾನ್ಯವಾಗಿ ಕಾಲು ಪಾಲಿಗೂ ಕಡಿಮೆ. ಅದನ್ನು ಎಷ್ಟು ಬಡಿದರೂ ಬಾಯಿ ನಿಲ್ಲದು. ಲಾರಿಯ ಕಮಾನು ಪಟ್ಟಿಯಲ್ಲಿ ಸುಮಾರು ಅರ್ಧ ಪಾಲು ಅಥವಾ ಸ್ವಲ್ಪ ಹೆಚ್ಚು ಇರುತ್ತೆ. ಅದಕ್ಕೇ ನಮ್ಮ ಕುಲುಮೆ ಆಚಾರ್ರು ಗುಜರಿಯಲ್ಲಿ ಹಳೆಯ ಕಮಾನು ಪಟ್ಟಿ ಹುಡುಕೋದು. ಗೊತ್ತಾಗದಿದ್ದರೆ ಸಾಣೆ ಚಕ್ರಕ್ಕೆ ಹಿಡಿದು ಕಿಡಿ ನೋಡಿ. ಮೆತು ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆಯ ಹಾಗೆ ಹೋಗುತ್ತೆ. ಉಕ್ಕಿನ ಕಿಡಿ ತುದಿಯಲ್ಲಿ ಒಡೆದು ಹೂವಾಗುತ್ತೆ. ಬಿರುಕು ಬಿಟ್ಟ ಪಟ್ಟಿಯನ್ನು ಮಾತ್ರ ಕೊಡಬೇಡಿ.

ಈಗ ಕುಲುಮೆಗೆ ಬರೋಣ. ತಿದಿ ಒತ್ತಿದಂತೆ ಇದ್ದಲು ಕೆಂಡವಾಗುತ್ತೆ. ಉಕ್ಕು ಕಿತ್ತಳೆ ಹಣ್ಣಿನ ಬಣ್ಣಕ್ಕೆ ಬಂದಾಗ ಇಕ್ಕುಳದಲ್ಲಿ ಹಿಡಿದು ಬಡಿಯಬೇಕು. ಕೆಂಪು ಮಂಕಾದ ಮೇಲೂ ಬಡಿದರೆ ಬಿರುಕು ಬಿಡಬಹುದು. ಬೆಳ್ಳಗೆ ಕಾದು ಕಿಡಿ ಉದುರಿಸಿತೋ, ಉಕ್ಕು ಸುಟ್ಟುಹೋಯಿತೆಂದೇ ತಿಳಿಯಿರಿ. ಸುಟ್ಟ ರೊಟ್ಟಿ ಮತ್ತೆ ಹಿಟ್ಟಾಗದು, ಸುಟ್ಟ ಉಕ್ಕೂ ಹಾಗೇ. ಆ ತುಂಡನ್ನು ಕತ್ತರಿಸಿ ಬಿಸಾಡಬೇಕು.

ರೂಪ ಬಂದಮೇಲೆ ಹದದ ಕೆಲಸ. ಅಲಗನ್ನು ಒಂದೇ ಸಮನಾಗಿ ಕೆಂಪಗೆ ಕಾಯಿಸಬೇಕು. ಎಷ್ಟು ಕಾಯಿಸಬೇಕು ಎಂದು ತಿಳಿಯಲು ತಂತಿಗೆ ಕಟ್ಟಿದ ಅಯಸ್ಕಾಂತ ಸಾಕು. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅಯಸ್ಕಾಂತ ಅದನ್ನು ಹಿಡಿಯೋದಿಲ್ಲ. ಅಲ್ಲಿಂದ ಇನ್ನು ಚೂರು ಕಾಯಿಸಿ ಬಾಯಿಯ ಕಡೆಯನ್ನಷ್ಟೇ ಎಣ್ಣೆಗೆ ಅದ್ದಬೇಕು. ಕಮಾನು ಪಟ್ಟಿಗೆ ನೀರಿಗಿಂತ ಎಣ್ಣೆ ಮೇಲು. ನೀರಿನಲ್ಲಿ ಥಟ್ಟನೆ ಆರಿ ಸೀಳಬಹುದು. ಎಣ್ಣೆಗೆ ಬೆಂಕಿ ಹತ್ತುವುದುಂಟು. ಆದ್ದರಿಂದ ಕಬ್ಬಿಣದ ಪಾತ್ರೆ, ಪಕ್ಕದಲ್ಲೇ ಅದರ ಮುಚ್ಚಳ ಇರತಕ್ಕದ್ದು. ಉರಿಯುವ ಎಣ್ಣೆಗೆ ನೀರು ಸುರಿಯಲೇಬಾರದು.

ಇಷ್ಟಾದಾಗ ಬಾಯಿ ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಪುಕ್ಕಲು. ಬೆನ್ನಿನ ಬಿಸಿ ಆರುವ ಮುಂಚೆ ಆಚಾರ್ರು ಬಾಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡುತ್ತಾರೆ. ಬೆನ್ನಿನಿಂದ ಶಾಖ ಇಳಿದ ಹಾಗೆ ಅಲ್ಲಿ ಬಣ್ಣಗಳು ಓಡುತ್ತವೆ: ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣ ಸುಮಾರು 220 ಡಿಗ್ರಿಗೆ, ನೀಲಿ ಸುಮಾರು 300ಕ್ಕೆ. ಅಡಿಗೆಮನೆಯ ಚಾಕುವಿಗೆ ಹುಲ್ಲಿನ ಬಣ್ಣದಿಂದ ಕಂದಿನವರೆಗೆ, ಪೆಟ್ಟು ತಿನ್ನುವ ಮಚ್ಚಿಗೆ ನೇರಳೆಯಿಂದ ನೀಲಿಯವರೆಗೆ. ಬೇಕಾದ ಬಣ್ಣ ಬಾಯಿಗೆ ಬಂದ ಆ ಗಳಿಗೆಯಲ್ಲೇ ಇಡೀ ಅಲಗನ್ನು ಅದ್ದಿಬಿಡಬೇಕು. ಆಚಾರ್ರು ಕುಲುಮೆಯನ್ನು ನೆರಳಿನಲ್ಲಿ, ಮಬ್ಬು ಬೆಳಕಿನಲ್ಲಿ ಇಟ್ಟುಕೊಳ್ಳುವುದೇಕೆ ಅಂತೀರಾ? ಕಾದ ಲೋಹದ ಬಣ್ಣ ಬಿಸಿಲಿನಲ್ಲಿ ಕಣ್ಣಿಗೆ ಮೋಸ ಮಾಡುತ್ತೆ.

ಇದೇನೋ ಹಳೇ ಕಾಲದ ಕೆಲಸ ಅನ್ನಬೇಡಿ. ನಮ್ಮ ಯಲಹಂಕದಲ್ಲಿ 1984ರಲ್ಲಿ ಶುರುವಾದ ರೈಲುಗಾಲಿ ಕಾರ್ಖಾನೆಯಲ್ಲಿ ಗುಜರಿ ಉಕ್ಕನ್ನೇ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಗಾಲಿ ಎರಕ ಹೊಯ್ಯುತ್ತಾರೆ. ಅಲ್ಲೂ ಗಾಲಿಯನ್ನು ಮತ್ತೆ ಕಾಯಿಸಿ, ಅಂಚಿಗೆ ನೀರು ಚಿಮ್ಮಿಸಿ ಗಟ್ಟಿ ಮಾಡಿ, ಆಮೇಲೆ ಮಿತವಾದ ಶಾಖ ಕೊಟ್ಟು ಹದಕ್ಕೆ ತರುತ್ತಾರೆ. ಯಂತ್ರ ದೊಡ್ಡದು, ಸೂತ್ರ ಒಂದೇ.

ಈ ವಿದ್ಯೆ ನಮ್ಮ ನಾಡಿಗೆ ಹೊಸತೂ ಅಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬಾತ ಮಾಗಡಿ ಕಡೆ ಕರಿಮರಳಿನಿಂದ ಕಬ್ಬಿಣ ತೆಗೆಯುವುದನ್ನೂ, ಅದನ್ನು ಮಣ್ಣಿನ ಮೂಸೆಯಲ್ಲಿ ತಂಗಡಿ ಕಡ್ಡಿ, ಹಸಿ ಎಲೆಗಳ ಜೊತೆ ಮುಚ್ಚಿ ಕಾಯಿಸಿ ಉಕ್ಕು ಮಾಡುವುದನ್ನೂ ಬರೆದಿಟ್ಟಿದ್ದಾನೆ. ಆ ಕಡ್ಡಿ ಎಲೆ ಸುಟ್ಟು ಕೊಡುವ ಇಂಗಾಲವೇ ಕಬ್ಬಿಣವನ್ನು ಉಕ್ಕಾಗಿಸುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ, ಅದು ದೂರದ ಊರುಗಳಿಗೆ ಹೋಗುತ್ತಿತ್ತೆಂದೂ ಆತನ ಬರಹದಲ್ಲಿದೆ. ಇಂಥ ಮೂಸೆಯ ಉಕ್ಕನ್ನು ಇಂಗ್ಲಿಷರು ‘ವುಟ್ಜ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿತೆಂದು ಬಲ್ಲವರು ಹೇಳುತ್ತಾರೆ.

ಸರಿ, ಹದವಾದ ಕತ್ತಿ ಮನೆಗೆ ಬಂತು. ಅದನ್ನು ಕೆಡಿಸುವವರು ಯಾರು? ನಾವೇ! ಒಮ್ಮೆ ಆಚಾರ್ರೊಬ್ಬರ ಹತ್ತಿರ ರೈತರೊಬ್ಬರು, “ಏನ್ ಆಚಾರ್ರೇ, ಹೋದ ತಿಂಗಳು ಮಾಡಿಕೊಟ್ಟ ಮಚ್ಚು ಆಗಲೇ ಮೊಂಡಾಯ್ತಲ್ಲ?” ಎಂದು ದೂರಿದರು. ಆಚಾರ್ರು ಮಚ್ಚು ತಿರುಗಿಸಿ ನೋಡಿ, “ಅಣ್ಣಾ, ಕರೆಂಟಿನ ಸಾಣೆಗೆ ಹಿಡಿಸಿದ್ದೀರಿ. ಬಾಯಿ ನೀಲಿಯಾಗಿದೆ ನೋಡಿ. ನಾನು ಹಾಕಿದ ಹದವನ್ನ ಆ ಚಕ್ರ ತಿಂದುಬಿಟ್ಟಿದೆ” ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗಾಯ್ತು. ಚಕ್ರಕ್ಕೆ ಹಿಡಿಯಲೇಬೇಕಾದರೆ ಕ್ಷಣಕ್ಕೊಮ್ಮೆ ನೀರಿಗೆ ಅದ್ದಿ. ಅದಕ್ಕಿಂತ ನೀರು ಚಿಮುಕಿಸಿದ ಕಲ್ಲಿನ ಮೇಲೆ ಕೈಯಲ್ಲೇ ಮಸೆಯುವುದು ಲೇಸು.

ಇನ್ನು ಮನೆಯ ಹೆಣ್ಣುಮಕ್ಕಳಿಗೆ ಎರಡು ಮಾತು. ಕತ್ತಿಯಿಂದ ಒಲೆಯ ಕೆಂಡ ಕೆದಕಬೇಡಿ, ಹದ ಇಳಿಯುತ್ತೆ. ಹುಣಸೆ, ನಿಂಬೆ, ಮಾವಿನಕಾಯಿ ಕುಯ್ದ ಚಾಕುವನ್ನೂ ಈಳಿಗೆಮಣೆಯನ್ನೂ ಆಗಲೇ ತೊಳೆದು ಒರೆಸಿ. ಸುಗ್ಗಿ ಮುಗಿದ ಮೇಲೆ ಕುಡುಗೋಲಿಗೆ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಹಿಡಿಗೆ ಚೆನ್ನಾಗಿ ಒಣಗಿದ ಜಾಲಿಯಂಥ ಗಟ್ಟಿ ಮರವಿರಲಿ, ಮೂತಿಗೆ ಅಣಸು ಹಾಕಿಸಿ. ಸಡಿಲವಾದ ಹಿಡಿ ಕೊಯ್ಯುವುದು ಪೈರನ್ನಲ್ಲ, ಕೈಯನ್ನು.

ಕೊನೆಯದಾಗಿ ಒಂದು ಮಾತು. ಹಿಂದೆ ಕಣದಲ್ಲಿ ರಾಶಿ ಅಳೆಯುವಾಗ ಕಮ್ಮಾರನಿಗೆ ಆಯ ಸಲ್ಲುತ್ತಿತ್ತು. ವರ್ಷವಿಡೀ ನಮ್ಮ ಗುಳ, ಕುಡುಗೋಲು ತಟ್ಟಿಕೊಡುವುದು ಅವನ ಹೊಣೆಯಾಗಿತ್ತು. ಆ ಏರ್ಪಾಡು ಕಳಚಿಹೋಯಿತು. ಹೆಬ್ಬಾಳ, ಯಲಹಂಕದ ಸುತ್ತ ಹೊಲಗಳು ಬಡಾವಣೆಗಳಾದವು, ಕುಲುಮೆಗೆ ಕೆಲಸ ಕಡಿಮೆಯಾಯಿತು. ಒಂದು ಕುಡುಗೋಲಿಗಾಗಿ ಬೆಂಕಿ ಹೊತ್ತಿಸಿದರೆ ಇದ್ದಲಿನ ಖರ್ಚೂ ಹುಟ್ಟುವುದಿಲ್ಲ. ಆದಕಾರಣ ಹೀಗೆ ಮಾಡಿ: ಸುಗ್ಗಿಗೆ ಒಂದು ತಿಂಗಳು ಮುಂಚೆ ಊರಿನ ಹತ್ತು ಮನೆಯವರು ಮಾತಾಡಿಕೊಂಡು ಎಲ್ಲರ ಕುಡುಗೋಲು, ಮಚ್ಚು, ಕೊಡಲಿಗಳನ್ನು ಒಂದೇ ದಿನ ಒಯ್ಯಿರಿ. ಆಚಾರ್ರಿಗೆ ದಿನದ ಕೂಲಿ ಗಿಟ್ಟುತ್ತೆ, ನಿಮಗೆ ಅವಸರದ ಕೆಲಸ ತಪ್ಪುತ್ತೆ. ಮಜೂರಿಯಲ್ಲಿ ಚೌಕಾಶಿ ಬೇಡ.

ಊರಿನ ಆಚಾರ್ರಿಗೆ ಇದನ್ನೂ ತಿಳಿಸಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಉಂಟು. ಅರ್ಹರಾದವರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿವರೆಗೆ ಸಾಲ ಎಂದು ಆ ಯೋಜನೆ ಹೇಳುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಲಿ.

ಪೇಟೆಯಲ್ಲಿ ಕುಡುಗೋಲು ಸಿಕ್ಕೀತು. ಆದರೆ ನಿಮ್ಮ ಕೈಯಳತೆಗೆ, ನಿಮ್ಮ ಪೈರಿಗೆ ತಕ್ಕ ಹಾಗೆ ತಟ್ಟಿ, ಮೊಂಡಾದಾಗ ಮತ್ತೆ ಬಾಯಿ ಮಾಡಿಕೊಡುವವರು ಊರ ಆಚಾರ್ರೇ. ಕುಲುಮೆಯ ಬೆಂಕಿ ಆರಿದ ಮೇಲೆ ಊದಿದರೆ ಹತ್ತೀತೇ? ಆರುವ ಮುಂಚೆಯೇ ಕೆಲಸ ಒಯ್ಯೋಣ.