ಅಮಲಿನ ಸಾವು ಮತ್ತು ನೆರೆಯವರ ಕರ್ತವ್ಯ

(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿಯೂ ನಮ್ಮ ಬ್ಯಾಡಗಿಯ ಕಡೆಯಂತೆ ಮೆಣಸಿನಕಾಯಿ ಬೆಳೆಯುವ ರೈತರಿದ್ದಾರೆ. ಆ ರಾಜ್ಯದ ಉತ್ತರದ ಹಳ್ಳಿಗಳಿಗೆ ಹೆರಾಯಿನ್ ಎಂಬ ಅಫೀಮಿನ ಜಾತಿಯ ಅಮಲು ಪದಾರ್ಥ ಹೊಕ್ಕು ಅನೇಕ ಮನೆಗಳ ದೀಪ ಆರಿಸಿತು. ಅಲ್ಲಿಯ ಸರ್ಕಾರ ಕೈಗೊಂಡ ಕ್ರಮವನ್ನು ನಾವೂ ತಿಳಿಯುವುದು ಒಳ್ಳೆಯದು.

ಇಂಥ ಪದಾರ್ಥ ಮಿತಿಮೀರಿದರೆ ಉಸಿರು ನಿಧಾನವಾಗಿ ನಿಂತೇ ಹೋಗುತ್ತದೆ. ನಾಲೊಕ್ಸೋನ್ ಎಂಬ ಔಷಧವನ್ನು ಮೂಗಿಗೆ ಸಿಂಪಡಿಸಿದರೆ ಕೆಲವು ನಿಮಿಷಗಳಲ್ಲಿ ಉಸಿರು ಮರಳಬಹುದು. ಸದುದ್ದೇಶದಿಂದ ಇದನ್ನು ಕೊಟ್ಟವನು ಹೊಣೆಗಾರನಾಗದಂತೆ ಆ ರಾಜ್ಯ 2001ರಲ್ಲಿ ಕಾನೂನು ಮಾಡಿತು. ಆದರೆ ಔಷಧವಿದ್ದರೆ ಸಾಲದು. ಪೊಲೀಸರಿಗೆ ಹೆದರಿ ಜನ ಸಹಾಯಕ್ಕೆ ಕರೆಯದಿದ್ದರೆ ಜೀವ ಉಳಿಯದು. ಆದುದರಿಂದ 2007ರಲ್ಲಿ, ಸಹಾಯ ಕೇಳಿದವನನ್ನೂ ರೋಗಿಯನ್ನೂ ಅಮಲು ಪದಾರ್ಥ ಇಟ್ಟುಕೊಂಡ ಮೊಕದ್ದಮೆಯಿಂದ ರಕ್ಷಿಸುವ ಕಾನೂನು ಬಂದಿತು. ಅಮೆರಿಕದಲ್ಲಿ ಅದೇ ಮೊದಲನೆಯದು. ಹಠಾತ್ ಸಾವುಗಳ ಕಾರಣವನ್ನು ಅಲ್ಲಿ ಇಡೀ ರಾಜ್ಯಕ್ಕೆ ಒಂದೇ ಆದ ವೈದ್ಯ ತನಿಖಾ ಕಚೇರಿ ಪರೀಕ್ಷಿಸುತ್ತದೆ. ಯಾವ ಊರಿನಲ್ಲಿ ಯಾವ ಮದ್ದು ಕೊಲ್ಲುತ್ತಿದೆ ಎಂದು ತಿಳಿದರೆ ತಾನೇ ತಡೆಯುವುದು?

ನಮ್ಮಲ್ಲಿಯೂ ಕಾನೂನುಂಟು. 1985ರ ಮಾದಕ ವಸ್ತುಗಳ ಕಾಯಿದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೊಳಗಾದ ವ್ಯಸನಿ ತಾನಾಗಿ ಬಂದು ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ದೊರೆಯುತ್ತದೆ. ಅರ್ಧದಲ್ಲಿ ಬಿಟ್ಟರೆ ಆ ವಿನಾಯಿತಿ ತಪ್ಪಬಹುದು. ಇನ್ನು ಅಸಹಜ ಸಾವಿನ ವಿಚಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಂತೆ, ಪೊಲೀಸರು ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಎದುರಿನಲ್ಲಿ ಪಂಚನಾಮೆ ಮಾಡಬೇಕು. ಆ ಪಂಚರು ಬೇರೆ ಯಾರೂ ಅಲ್ಲ, ತಾವೇ. ಮರ್ಯಾದೆಗೆ ಅಂಜಿ "ಎದೆನೋವಿನಿಂದ ಸತ್ತ" ಎಂದು ಹೇಳಿ ಹೆಣ ಸುಟ್ಟರೆ, ಮದ್ದು ಮಾರಿದವನು ನಾಳೆ ಪಕ್ಕದ ಮನೆಯ ಮಗನಿಗೂ ಮಾರುತ್ತಾನೆ. ಕಂಡದ್ದನ್ನು ಕಂಡಂತೆ ಹೇಳಿರಿ. ಓದಿಸಿ ಕೇಳದೆ ಸಹಿ ಹಾಕಬೇಡಿರಿ.

ಎಚ್ಚರ ತಪ್ಪಿದವನನ್ನು ಕಂಡರೆ ಕೂಡಲೇ 108ಕ್ಕೆ ಫೋನ್ ಮಾಡಿರಿ. ಉಸಿರಿದ್ದರೆ ಮಗ್ಗುಲಿಗೆ ಮಲಗಿಸಿರಿ. ಮಜ್ಜಿಗೆ, ಹುಣಿಸೆನೀರು ಬಾಯಿಗೆ ಸುರಿಯಬೇಡಿರಿ. ಒಬ್ಬನನ್ನೇ ಬಿಟ್ಟು ಹೋಗಬೇಡಿರಿ. ಏನು ಸೇವಿಸಿದ್ದನೆಂದು ವೈದ್ಯರಿಗೆ ನಿಜ ಹೇಳಿರಿ. ಏಕೆಂದರೆ ನಾಲೊಕ್ಸೋನ್ ಅಫೀಮಿನ ಜಾತಿಗೆ ಮಾತ್ರ ಮದ್ದು, ಹೆಂಡಕ್ಕಾಗಲಿ ಬೆಳೆಗೆ ಹೊಡೆಯುವ ವಿಷಕ್ಕಾಗಲಿ ಅಲ್ಲ. ಚಟ ಬಿಡಿಸುವ ಸಲಹೆಗೆ 14446ಕ್ಕೆ ಫೋನ್ ಮಾಡಬಹುದು.

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಬದುಕಿದ್ದಾಗ ಚಿಕಿತ್ಸೆ, ಸತ್ತಾಗ ಸತ್ಯ. ಈ ಎರಡನ್ನೂ ಊರು ಕೊಡಬೇಕೆಂದು ಬಿನ್ನವಿಸಿ ನನ್ನ ಮಾತು ಮುಗಿಸುತ್ತೇನೆ.