ದುಬಾರೆಯ ಆನೆಯ ಮೇಲೊಂದು ಪ್ರಬಂಧ

ಮಕ್ಕಳೇ, ಕುಶಾಲನಗರದ ಹತ್ತಿರ ಕಾವೇರಿ ಹೊಳೆ ದಾಟಿದರೆ ದುಬಾರೆಯ ಆನೆ ಶಿಬಿರ ಸಿಗುತ್ತದೆ. ಮೈಸೂರು ದಸರೆಯಲ್ಲಿ ಹೆಜ್ಜೆ ಹಾಕಿದ ಧನಂಜಯ, ಗೋಪಿ, ಕಾವೇರಿ ಎಲ್ಲ ಇಲ್ಲಿಯ ಆನೆಗಳೇ. ಬೆಳಿಗ್ಗೆ ಮಾವುತರೂ ಕಾವಾಡಿಗಳೂ ಅವನ್ನು ಹೊಳೆಗಿಳಿಸಿ ಮೈ ತಿಕ್ಕುವುದನ್ನು ನೋಡಲು ಶಾಲಾ ಪ್ರವಾಸದವರು ಬರುತ್ತಾರೆ. ಊರಿಗೆ ಮರಳಿದ ಮೇಲೆ ಮೇಷ್ಟ್ರು ಹೇಳುವುದು ಗೊತ್ತೇ ಇದೆ: “ಆನೆಯ ಮೇಲೆ ಒಂದು ಪ್ರಬಂಧ ಬರೀರಿ!”

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಭಾಗ ನಿಮಗೆ ಬಾಯಿಪಾಠ. ಉಪಮೆ, ಉತ್ಪ್ರೇಕ್ಷೆ, ಅತಿಶಯೋಕ್ತಿಗಳೂ ಹಾಗೆಯೇ. ಇವು ಪರೀಕ್ಷೆಗೆ ಮಾತ್ರವಲ್ಲ, ಆನೆಯನ್ನು ಸರಿಯಾಗಿ ನೋಡುವುದಕ್ಕೂ ಬೇಕಾಗುತ್ತವೆ.

ಮೊದಲು ಉಪಮೆ. “ಆನೆಯ ಸೊಂಡಿಲು ಎಳನೀರು ಕುಡಿಯುವ ಕೊಳವೆಯಂತೆ ನೀರು ಹೀರುತ್ತದೆ” ಎಂದು ಬರೆದಿರಿ ಎನ್ನಿ. ಸೊಂಡಿಲು ಉಪಮೇಯ, ಕೊಳವೆ ಉಪಮಾನ, ‘ಅಂತೆ’ ವಾಚಕ ಪದ, ಹೀರುವುದು ಸಮಾನಧರ್ಮ. ಅಂಕ ಪೂರ್ತಿ ಸಿಗುತ್ತದೆ. ಆದರೆ ಹೊಳೆಯಲ್ಲಿರುವ ಆನೆಯನ್ನು ಇನ್ನೊಮ್ಮೆ ನೋಡಿ. ಕೊಳವೆಯ ನೀರು ನೇರ ಬಾಯಿಗೆ ಬರುತ್ತದೆ. ಆನೆ ಸೊಂಡಿಲಲ್ಲಿ ನೀರು ತುಂಬಿಕೊಂಡು, ಅದನ್ನು ಮಡಚಿ, ತುದಿಯನ್ನು ಬಾಯೊಳಗಿಟ್ಟು ಸುರಿದುಕೊಳ್ಳುತ್ತದೆ. ಏಕೆಂದರೆ ಸೊಂಡಿಲು ಮೂಗೂ ಮೇಲ್ತುಟಿಯೂ ಒಂದಾಗಿ ಬೆಳೆದ ಅಂಗ. ಮೂಗಿನಿಂದ ಕುಡಿಯಲು ನಿಮಗೂ ಆಗದು, ಆನೆಗೂ ಆಗದು! ಸೊಂಡಿಲಲ್ಲಿ ಒಂದೂ ಮೂಳೆಯಿಲ್ಲ, ಸ್ನಾಯುಗಳೇ ತುಂಬಿವೆ. ನಮ್ಮ ನಾಲಿಗೆಯೂ ಅದೇ ಬಗೆಯದು: ಒಂದು ಕಡೆ ಸಣ್ಣದಾದರೆ ಇನ್ನೊಂದು ಕಡೆ ಉದ್ದವಾಗುತ್ತದೆ. ಸಮಾನಧರ್ಮ ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವ ಹೊತ್ತಿಗೇ ನೀವು ವಿಜ್ಞಾನಕ್ಕೆ ಕಾಲಿಟ್ಟಿರುತ್ತೀರಿ.

ಅತಿಶಯೋಕ್ತಿಗೆ ಬರೋಣ. “ಆನೆ ಕಾಡನ್ನೇ ತಿಂದು ಮುಗಿಸುತ್ತದೆ.” ಕೇಳಲು ಚೆಂದ, ಆದರೆ ಎಷ್ಟು ತಿನ್ನುತ್ತದೆ ಎಂದು ಗೊತ್ತಾಗಲಿಲ್ಲ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕು. ಅದರಲ್ಲಿ ಅರ್ಧದಷ್ಟೂ ಜೀರ್ಣವಾಗುವುದಿಲ್ಲ. “ಅಷ್ಟು ಗಟ್ಟಿಯಾಗಿ ಹೇಳ್ತೀಯಲ್ಲ, ಆಧಾರ ಏನು?” ಎಂದು ಗೆಳೆಯ ಕೇಳಿದರೆ ಲದ್ದಿ ತೋರಿಸಿ. ಅದರಲ್ಲಿ ನಾರು ನಾರಾಗಿಯೇ ಉಳಿದಿರುತ್ತದೆ. ಹಣ್ಣಿನ ಬೀಜಗಳೂ ಕೆಲವೊಮ್ಮೆ ಹಾಗೇ ಹೊರಬಂದು, ತಾಯಿಮರದಿಂದ ದೂರ ಮೊಳೆಯುತ್ತವೆ. ಕಾಡನ್ನು ತಿನ್ನುವ ಆನೆ ಕಾಡನ್ನು ಬಿತ್ತುತ್ತಲೂ ಇರುತ್ತದೆ. ಇದಕ್ಕೆ ಉತ್ಪ್ರೇಕ್ಷೆಯೂ ಬೇಡ, ಅತಿಶಯೋಕ್ತಿಯೂ ಬೇಡ.

ಉತ್ಪ್ರೇಕ್ಷೆ ಎಂದೆವಲ್ಲ, ಅದು ಕಲ್ಪನೆಯ ಅಲಂಕಾರ. “ಜನರನ್ನು ಕಂಡ ಖುಷಿಗೋ ಎಂಬಂತೆ ಆನೆ ಕಿವಿ ಬೀಸಿತು.” ಕವಿತೆಯಲ್ಲಿ ಇದು ಒಪ್ಪುತ್ತದೆ. ವಿಜ್ಞಾನದ ಬರಹದಲ್ಲಾದರೆ ಕಾರಣ ಕೊಡಬೇಕು. ನಮ್ಮ ಹಾಗೆ ಮೈಯೆಲ್ಲ ಬೆವರಿ ತಂಪಾಗುವುದು ಆನೆಗೆ ಸಾಧ್ಯವಿಲ್ಲ. ಅದರ ಕಿವಿ ತೆಳ್ಳಗೆ, ಅಗಲ. ಒಳಗೆ ರಕ್ತನಾಳಗಳ ಬಲೆ. ಬೀಸಿದಾಗ ಗಾಳಿ ತಾಗಿ ರಕ್ತದ ಬಿಸಿ ಹೊರಗೆ ಹೋಗುತ್ತದೆ. ನಂಬಿಕೆ ಬಾರದಿದ್ದರೆ, ಬಿಸಿಲಲ್ಲಿ ನಿಂತ ಆನೆ ನಿಮಿಷಕ್ಕೆ ಎಷ್ಟು ಸಲ ಕಿವಿ ಬೀಸುತ್ತದೆ, ನೆರಳಲ್ಲಿ ಎಷ್ಟು ಸಲ ಎಂದು ಎಣಿಸಿ ಬರೆದುಕೊಳ್ಳಿ. ಆ ಎರಡು ಅಂಕಿಗಳೇ ನಿಮ್ಮ ವಿಷಯ ವಿವರಣೆಗೆ ಬಲ.

ಕೊನೆಗೆ ಉಪಸಂಹಾರ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಮುಗಿಸುವುದು ರೂಢಿ. ಅದಕ್ಕಿಂತ, ಕಂಡದ್ದರಿಂದ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳಿ. “ಎರಡು ಆನೆಗಳು ಸದ್ದಿಲ್ಲದೆ ನಿಂತಿದ್ದವು” ಎಂಬ ಸಾಲನ್ನು ನೋಡಿ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿಗೆ ಏಷ್ಯಾದ ಆನೆಗಳ ಬಳಿ ಗಾಳಿ ನಡುಗಿದಂತೆ ಅನಿಸಿತು. ಧ್ವನಿಮುದ್ರಣ ಮಾಡಿ ಪರೀಕ್ಷಿಸಿದಾಗ, ಮನುಷ್ಯರ ಕಿವಿಗೆ ನಿಲುಕದ ತಗ್ಗಿದ ದನಿಯಲ್ಲಿ ಅವು ಕರೆಯುತ್ತಿದ್ದುದು ತಿಳಿಯಿತು. ಸೆಕೆಂಡಿಗೆ ಸುಮಾರು 20ಕ್ಕಿಂತ ಕಡಿಮೆ ಕಂಪನಗಳ ಸದ್ದು ನಮಗೆ ಕೇಳಿಸುವುದಿಲ್ಲ.

ಹಾಗಾಗಿ “ಸದ್ದಿರಲಿಲ್ಲ” ಎಂಬುದನ್ನು ಹೊಡೆದುಹಾಕಿ, “ನನಗೆ ಸದ್ದು ಕೇಳಿಸಲಿಲ್ಲ” ಎಂದು ಬರೆಯಿರಿ. ಮೇಷ್ಟ್ರು ಏಕೆಂದು ಕೇಳಿದರೆ, ಉತ್ತರ ಈಗ ನಿಮ್ಮ ಬಳಿ ಇದೆ.